ನಾನೇಳುವ ಹೊತ್ತಿಗೆ ಸ್ಕೂಟರಿರಲಿಲ್ಲ

ಬೇಗ ಏಳುವವರಿಗೆ ಇರುವ ದೊಡ್ಡ ಅನುಕೂಲವೆಂದರೆ, ತಾವು ಬೇಗ ಎದ್ದೆವೆಂದು ಹೇಳಿಕೊಂಡು ತಿರುಗಲು ಅವರಿಗೆ ಇಡೀ ದಿನ ಸಿಗುತ್ತದೆ. ತಡವಾಗಿ ಏಳುವ ನನ್ನಂಥವರಿಗೆ ಆ ಸೌಲಭ್ಯವಿಲ್ಲ. ಏಳುವುದೇ ತಡ, ಆಮೇಲೆ ಹಲ್ಲುಜ್ಜಬೇಕು, ಸ್ನಾನ ಮಾಡಬೇಕು, ಒಂಟಿಯಾಗಿ ಸಿಕ್ಕ ಕಾಲುಚೀಲಕ್ಕೆ ಜೋಡಿ ಹುಡುಕಬೇಕು, ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಕಚೇರಿಯವರೆಗೆ ಸ್ಕೂಟರ್ ಓಡಿಸಬೇಕು. ಇಷ್ಟರ ನಡುವೆ ನಮ್ಮ ಪರವಾಗಿ ನಾಲ್ಕು ಮಾತಾಡಲು ನಮಗೆ ಪುರಸೊತ್ತೆಲ್ಲಿ? ನಮ್ಮ ಪಂಗಡದ ಬಗ್ಗೆ ಲೋಕದಲ್ಲಿ ಇಷ್ಟೊಂದು ಅಪಪ್ರಚಾರ ಹಬ್ಬಿರುವುದಕ್ಕೆ ಇದೇ ಕಾರಣ.

ನನ್ನ ನಿದ್ದೆ ಸಾಮಾನ್ಯದ್ದಲ್ಲ. ನಮ್ಮ ಮದುವೆಯ ಮುಹೂರ್ತ ನಸುಕಿನಲ್ಲಿತ್ತು. ಆಲ್ಬಮ್ ತೆಗೆದು ನೋಡಿದರೆ ಒಂದೊಂದು ಚಿತ್ರದಲ್ಲೂ ನಾನು ಕಣ್ಣು ಮುಚ್ಚಿಕೊಂಡು ಕುಳಿತಿದ್ದೇನೆ. ತಲೆಯ ಮೇಲೆ ಅಕ್ಷತೆ ಬೀಳುತ್ತಿರುವ ಚಿತ್ರದಲ್ಲಂತೂ ಮುಖದ ಮೇಲೆ ಅಪಾರ ಶಾಂತಿಯಿದೆ. ಹುಡುಗನಿಗೆ ದೈವಭಕ್ತಿ ಬಹಳ ಎಂದು ನಮ್ಮ ಅತ್ತೆ ನೆಂಟರಿಗೆಲ್ಲ ಹೇಳಿಕೊಂಡು ಬಂದರು. ನಿಜ ಗೊತ್ತಿದ್ದದ್ದು ನನ್ನ ಹೆಂಡತಿ ವಿಮಲಾಗೆ ಮಾತ್ರ. ತಾಳಿ ಕಟ್ಟುವಾಗ ನಾನು ಆಕಳಿಸಿದ್ದು ಅವಳಿಗೆ ಕೇಳಿಸಿತ್ತಂತೆ.

ಇಂಥ ನನ್ನನ್ನು ನಮ್ಮ ಸಾಹೇಬರು ಒಮ್ಮೆ ಒಂದು ದಿನದ ತರಬೇತಿಗೆ ಕಳಿಸಿದರು. ದಿನವನ್ನು ಚೆನ್ನಾಗಿ ಬಳಸಿಕೊಳ್ಳುವುದು ಹೇಗೆ ಎಂಬುದು ವಿಷಯ. ಇಡೀ ಕಚೇರಿಯಲ್ಲಿ ನನ್ನೊಬ್ಬನನ್ನೇ ಆರಿಸಿದ್ದನ್ನು ನಾನು ಗೌರವವೆಂದೇ ತಿಳಿದುಕೊಂಡಿದ್ದೆ. ಪಾಠ ಹೇಳಿದಾತನಿಗೆ ನನ್ನ ಅರ್ಧ ವಯಸ್ಸು. ವೇದಿಕೆಯ ಮೇಲೆ ಒಂದು ಕಡೆ ನಿಲ್ಲದೆ ಓಡಾಡುತ್ತಲೇ ಮಾತಾಡುತ್ತಿದ್ದ. "ಬೆಳಿಗ್ಗೆ ಐದು ಗಂಟೆ ಅನ್ನೋದು ಸಾಧಕರ ಟೈಮ್ ಸಾರ್. ಲೋಕ ಎಲ್ಲಾ ಮಲಗಿರುತ್ತೆ. ನೀವೊಬ್ರೇ ಎದ್ದಿರ್ತೀರಿ," ಎಂದ. ಈ ಮಾತು ನನ್ನ ಎದೆಗೆ ನಾಟಿತು. ಐವತ್ತು ದಾಟುವವರೆಗೂ ಲೋಕ ಎದ್ದಿರುವಾಗ ನಾನೊಬ್ಬನೇ ಮಲಗಿದ್ದೆ. ಅದನ್ನು ತಿರುಗಿಸಿ ಹಾಕಿದರೆ ಹೇಗಿರುತ್ತದೆ ನೋಡೋಣ ಎನ್ನಿಸಿತು. ಬೇಗ ಎದ್ದು ನಡಿಗೆ, ಪ್ರಾಣಾಯಾಮ, ಒಂದಿಷ್ಟು ಓದು, ಕಾಲುಚೀಲಗಳ ವ್ಯವಸ್ಥೆ, ಎಲ್ಲವನ್ನೂ ಮುಗಿಸಿ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುವ ನನ್ನನ್ನು ನಾನೇ ಕಲ್ಪಿಸಿಕೊಂಡು, ಊಟದ ನಂತರದ ಪಾಠದಲ್ಲಿ ಸ್ವಲ್ಪ ತೂಕಡಿಸಿದೆ.

ಮನೆಗೆ ಬಂದು ವಿಮಲಾಗೆ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ಅದಕ್ಕೆ ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ. ಅವಳು ನಗಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿಯನ್ನು ಅಲ್ಲೇ ಬಿಟ್ಟು, "ಐದಕ್ಕೇನಾ?" ಎಂದು ಕೇಳಿದಳು.

"ಐದಕ್ಕೇ. ನಾಳೆಯಿಂದಾನೇ."

"ಯಾಕ್ರೀ ಸುಮ್ನೆ? ಈ ವಯಸ್ಸಲ್ಲಿ ನಿದ್ದೆ ಕೆಡಿಸ್ಕೋಬಾರ್ದು. ಆರೂವರೆಗೆ ಎದ್ರೂ ನಿಮ್ಗೆ ಬೇಗಾನೇ."

ಇಷ್ಟು ವರ್ಷ ಹೊದಿಕೆ ಎಳೆದು, ಫ್ಯಾನ್ ಆರಿಸಿ, ಪಾತ್ರೆ ಬಡಿದು ನನ್ನನ್ನು ಎಬ್ಬಿಸಿದವಳು ಈಗ ನನ್ನ ನಿದ್ದೆಯ ಬಗ್ಗೆ ಇಷ್ಟು ಮಮತೆ ತೋರಿಸಿದ್ದು ಕಂಡು ನನ್ನ ಕಣ್ಣು ಒದ್ದೆಯಾಯಿತು. ನಿರ್ಧಾರ ಮಾತ್ರ ಬದಲಿಸಲಿಲ್ಲ. ಫೋನಿನಲ್ಲಿ ಅಲಾರಂ ಇಟ್ಟು ಮಲಗಿದೆ. ಬೆಳಿಗ್ಗೆ ಅದು ಹೊಡೆಯಲೇ ಇಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಫೋನನ್ನು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋನ್ ಚೆನ್ನಾಗೈತೆ ಸಾರ್," ಎಂದು, ನನ್ನನ್ನೂ ಮೇಲಿಂದ ಕೆಳಗೆ ಒಮ್ಮೆ ನೋಡಿ ಕಳಿಸಿದ. ಕೊನೆಗೆ ಯಂತ್ರಗಳ ಸಹವಾಸವೇ ಬೇಡವೆಂದು, ಮಲಗುವ ಮುಂಚೆ ಒಂದು ತಂಬಿಗೆ ನೀರು ಕುಡಿದು ಮಲಗಿದೆ. ಈ ಉಪಾಯ ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಆದರೆ ಇದರಷ್ಟು ಖಾತ್ರಿಯಾದದ್ದು ಬೇರೊಂದಿಲ್ಲ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ನಾನು ಓಡುತ್ತಾ ಎದ್ದೆ.

ಬಚ್ಚಲಿನಿಂದ ಹೊರಗೆ ಬಂದು, ಸಾಧಕನಾಗಿ ಮೊದಲ ಉಸಿರನ್ನು ಎಳೆದುಕೊಳ್ಳೋಣವೆಂದು ಮುಂಬಾಗಿಲಿಗೆ ಹೋದರೆ, ಚಿಲಕ ತೆಗೆದಿತ್ತು. ಅಂಗಳದಲ್ಲಿ ಸ್ಕೂಟರ್ ಇರಲಿಲ್ಲ. ಕಳ್ಳತನವಾಗಿದೆ ಎಂದು ಹೇಳಲು ಒಳಗೆ ಓಡಿದರೆ ವಿಮಲಾ ಕೂಡ ಇರಲಿಲ್ಲ. ಮೊದಲು ಕಂಡದ್ದು ಸ್ಕೂಟರ್ ಇಲ್ಲದ್ದು, ಹೆಂಡತಿ ಇಲ್ಲದ್ದು ಆಮೇಲೆ. ಈ ಅನುಕ್ರಮವನ್ನು ನಾನು ಮನೆಯಲ್ಲಿ ಇವತ್ತಿನವರೆಗೂ ಹೇಳಿಲ್ಲ. ನೀವೂ ಹೇಳಬೇಡಿ.

ಲುಂಗಿಯ ಮೇಲೆ ಒಂದು ಟವೆಲ್ ಹೊದ್ದು ಬೀದಿಗೆ ಇಳಿದೆ. ಲೋಕವೆಲ್ಲ ಮಲಗಿರುತ್ತದೆ ಎಂದು ಆ ಹುಡುಗ ಹೇಳಿದ್ದನಲ್ಲ, ಅವನು ಶಿಡ್ಲಘಟ್ಟ ನೋಡಿರಲಿಲ್ಲ. ರೇಷ್ಮೆಗೂಡಿನ ಚೀಲಗಳನ್ನು ಹೇರಿಕೊಂಡ ಗಾಡಿಗಳು ಮಾರುಕಟ್ಟೆಯ ಕಡೆಗೆ ಹೊರಟಿದ್ದವು. ನೂಲು ಬಿಚ್ಚುವ ಮನೆಗಳಲ್ಲಿ ಆಗಲೇ ಒಲೆ ಹೊತ್ತಿ, ಗೂಡು ಬೇಯುವ ವಾಸನೆ ಬೀದಿಗೆ ಬಂದಿತ್ತು. ಹೆಂಗಸರು ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಚಹದಂಗಡಿಯಲ್ಲಿ ಎರಡನೆಯ ಪಾತ್ರೆ ಚಹ ಕುದಿಯುತ್ತಿತ್ತು. ಇಡೀ ಊರು ಎದ್ದು, ತನ್ನ ಪಾಡಿಗೆ ತಾನು ಅರ್ಧ ಕೆಲಸ ಮುಗಿಸಿತ್ತು. ಸಾಧಕರ ಪಟ್ಟಿಯಲ್ಲಿ ನನ್ನೊಬ್ಬನ ಹೆಸರೇ ಬಾಕಿ ಇದ್ದದ್ದು.

ನನ್ನನ್ನು ಆ ಹೊತ್ತಿನಲ್ಲಿ ಕಂಡವರೆಲ್ಲ ಗಾಬರಿಯಾದರು. "ಯಾರಿಗೆ ಹುಷಾರಿಲ್ಲ ಸಾರ್?" ಎಂದು ಚಹದಂಗಡಿಯವರು ಕೇಳಿದರು. ರಂಗೋಲಿ ಬಿಡುತ್ತಿದ್ದ ಒಬ್ಬಾಕೆ ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಸಾವಿನ ಸುದ್ದಿ ಕೇಳಲು ತಯಾರಾದರು. ಹಾಲಿನ ಡೈರಿಯ ಮುಂದೆ ಕ್ಯಾನ್ ಹಿಡಿದು ನಿಂತಿದ್ದ ಮುನಿವೆಂಕಟಪ್ಪನವರು ತಮ್ಮ ಮನೆಮಾತಾದ ತೆಲುಗಿನಲ್ಲಿ, "ಏಮಪ್ಪಾ, ಇಂಟ್ಲೋ ಅಂತಾ ಬಾಗುನ್ನಾರಾ?" ಎಂದರು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂಬ ಪ್ರಶ್ನೆಗೆ, ಮನೆಯಲ್ಲಿ ಯಾರೂ ಇಲ್ಲ, ಸ್ಕೂಟರೂ ಇಲ್ಲ ಎಂದೆ.

"ಅಯ್ಯೋ ಅದಾ. ಅಮ್ಮಯ್ಯ ಆವಾಗ್ಲೇ ಆ ಕಡೆ ಗ್ರೌಂಡಿಗೆ ಹೋಯ್ತಲ್ಲಪ್ಪ, ಟೀಚರಮ್ಮನ ಜೊತೆ. ದಿನಾ ಹೋಗ್ತಾರೆ. ನಿಂಗೊತ್ತಿಲ್ವಾ?"

ಬೀದಿಗೆಲ್ಲ ಗೊತ್ತಿದ್ದ ವಿಷಯ ನನಗೆ ಗೊತ್ತಿರಲಿಲ್ಲ. ಗ್ರೌಂಡಿಗೆ ಹೋಗಿ ನೋಡಿದೆ. ಇಬ್ಬನಿಯ ನಡುವೆ ಎರಡು ಇಟ್ಟಿಗೆ ಇಟ್ಟು, ಅವುಗಳ ಸುತ್ತ ನನ್ನ ಸ್ಕೂಟರ್ ಎಂಟರ ಆಕಾರದಲ್ಲಿ ಸುತ್ತುತ್ತಿತ್ತು. ಅದರ ಮೇಲೆ ನನ್ನ ಹೆಲ್ಮೆಟ್, ನನ್ನ ಸ್ವೆಟರ್, ಅವುಗಳ ಒಳಗೆ ವಿಮಲಾ. ಪಕ್ಕದ ಮನೆಯ ನಸೀಮಾ ಟೀಚರ್ ನಡುವೆ ನಿಂತು, "ನೆಲ ನೋಡ್ಬೇಡಮ್ಮ, ಮುಂದೆ ನೋಡು," ಎಂದು ಶಾಲೆಯ ದನಿಯಲ್ಲಿ ಹೇಳುತ್ತಿದ್ದರು. ಅವರು ಜಂಗಮಕೋಟೆಯ ಶಾಲೆಯಲ್ಲಿ ಶಿಕ್ಷಕಿ. ಎಷ್ಟೋ ವರ್ಷದಿಂದ ತಮ್ಮ ಗಾಡಿಯಲ್ಲೇ ಹೋಗಿ ಬರುವವರು. ವಿಮಲಾ ಬೆನ್ನು ನೆಟ್ಟಗೆ ಮಾಡಿಕೊಂಡು, ತುಟಿ ಬಿಗಿಹಿಡಿದು, ಒಂದು ಸುತ್ತು ಮುಗಿಸಿ ತನ್ನಷ್ಟಕ್ಕೆ ನಕ್ಕಳು. ನನಗೆ ಕೂಗಬೇಕೆನ್ನಿಸಲಿಲ್ಲ. ಸುಮ್ಮನೆ ನೋಡುತ್ತಾ ನಿಂತೆ. ಇನ್ನೂ ನಾಲ್ಕು ಸುತ್ತು ನೋಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಅವಳಿಗೆ ನಾನು ಕಂಡೆ. ಸ್ಕೂಟರ್ ಎಂಟನ್ನು ಅರ್ಧಕ್ಕೇ ಬಿಟ್ಟು ನೇರವಾಗಿ ಹೋಗಿ, ಗ್ರೌಂಡಿನ ಅಂಚಿನಲ್ಲಿ ಯಾರೋ ರಾಶಿ ಹಾಕಿದ್ದ ಹಿಪ್ಪುನೇರಳೆ ಕಡ್ಡಿಗಳೊಳಗೆ ಹೊಕ್ಕಿತು.

ಅವಳಿಗೂ ಏನೂ ಆಗಲಿಲ್ಲ, ಗಾಡಿಗೂ ಆಗಲಿಲ್ಲ. ಈ ಸಲ ನಾನು ವಿಚಾರಿಸಿದ್ದು ಸರಿಯಾದ ಅನುಕ್ರಮದಲ್ಲಿಯೇ.

"ಅಣ್ಣಾ, ಮೂರು ವಾರದಿಂದ ಒಂದು ಸಲಾನೂ ಬಿದ್ದಿರ್ಲಿಲ್ಲ," ಎಂದು ನಸೀಮಾ ಟೀಚರ್ ನಿಟ್ಟುಸಿರುಬಿಟ್ಟರು. "ನೀವು ಇವತ್ತೇ ಏಳ್ಬೇಕಿತ್ತಾ?"

ಕಡ್ಡಿರಾಶಿಯಿಂದ ಈಚೆ ಬಂದ ವಿಮಲಾ ಹೆಲ್ಮೆಟ್ಟಿನೊಳಗಿಂದಲೇ ಎಲ್ಲವನ್ನೂ ಹೇಳಿದಳು. ಜಂಗಮಕೋಟೆಯಲ್ಲಿ ಹೆಣ್ಣುಮಕ್ಕಳಿಗೆ ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿಸಲು ಯಾರಾದರೂ ಬೇಕೆಂದು ಟೀಚರ್ ಕೇಳಿದ್ದರಂತೆ. ವಿಮಲಾಳ ಕುಚ್ಚಿಗೆ ನಮ್ಮ ಬೀದಿಯಲ್ಲಿ ಹೆಸರಿದೆ. ಆದರೆ ಕಲಿಸುವ ಹೊತ್ತಿಗೆ ಬಸ್ಸು ಸರಿಹೋಗದು. ಅದಕ್ಕೇ ಗಾಡಿ ಕಲಿಯಬೇಕೆಂದು ಹಟ ಹಿಡಿದಿದ್ದಳು. ಕಲಿಕೆಯ ಲೈಸೆನ್ಸ್ ಆಗಿತ್ತು. ಇನ್ನು ಕೆಲವು ದಿನದಲ್ಲಿ ಚಿಕ್ಕಬಳ್ಳಾಪುರದಲ್ಲಿ ಪರೀಕ್ಷೆ. ಪೆಟ್ರೋಲ್ ಯಾಕೆ ಹೀಗೆ ಇಳಿಯುತ್ತಿದೆಯೆಂದು ನಾನು ಕೇಳಿದಾಗಲೆಲ್ಲ, "ಗಾಡಿಗೆ ವಯಸ್ಸಾಯ್ತು ಕಣ್ರೀ, ಕುಡಿಯೋದು ಜಾಸ್ತಿ," ಎಂದು ಅವಳೇ ಸಮಾಧಾನ ಹೇಳಿದ್ದಳು. ಅಲಾರಂ ಆರಿಸುತ್ತಿದ್ದದ್ದೂ ಅವಳೇ.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ನೀವೇ ಕಲಿಸ್ತೀನಿ ಅಂತಿದ್ರಿ," ಎಂದಳು.

ಅದೇ ಮಾತನ್ನು ಹೇಳಲು ನಾನು ಆಗಲೇ ಬಾಯಿ ತೆರೆದಿದ್ದೆ. ಮರುದಿನದಿಂದ ನಾನೂ ಗ್ರೌಂಡಿಗೆ ಹೋದೆ. ಬೇಗ ಏಳಲು ನನಗೆ ಕೊನೆಗೂ ಒಂದು ಉದ್ದೇಶ ಸಿಕ್ಕಿತ್ತು. ಸಮತೋಲನವೆಂದರೇನು, ದೇಹದ ಭಾರ ಎಲ್ಲಿರಬೇಕು, ತಿರುವಿನಲ್ಲಿ ಮನಸ್ಸು ಎಲ್ಲಿರಬೇಕು ಎಂಬುದನ್ನೆಲ್ಲ ವಿವರಿಸಿದೆ. ನಾನು ವಿವರಿಸಿದಷ್ಟೂ ಅವಳ ಎಂಟು ಸೊಟ್ಟಗಾಗುತ್ತಾ ಬಂತು. ಮೊದಲು ಏಳಾಯಿತು, ಆಮೇಲೆ ಯಾವ ಭಾಷೆಯಲ್ಲೂ ಇಲ್ಲದ ಅಂಕಿಯಾಯಿತು. ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ಬಹಳ ಮರ್ಯಾದೆಯಿಂದ, "ಅಣ್ಣಾ, ನೀವು ಬೇಗ ಎದ್ದಿದ್ದೀರಿ, ಒಳ್ಳೇದೇ. ಮನೇಲಿ ಕಾಫಿ ಮಾಡಿ ಇಟ್ಟಿರಿ, ನಾವು ಬರ್ತೀವಿ," ಎಂದರು. ನಾನು ಕಾಫಿ ಇಲಾಖೆಗೆ ವರ್ಗವಾದೆ. ಹಾಲು ಉಕ್ಕುವ ಮೊದಲು ಒಲೆ ಆರಿಸುವುದನ್ನು ಆ ವಾರದಲ್ಲಿ ಕಲಿತೆ. ನನ್ನ ಕಾಫಿಯನ್ನು ಅವರಿಬ್ಬರೂ ಅಂಗಳದ ಕಟ್ಟೆಯ ಮೇಲೆ ಕುಳಿತು, ಚೆನ್ನಾಗಿದೆ ಎಂದು ಹೇಳದೆ, ಪೂರ್ತಿ ಕುಡಿಯುತ್ತಿದ್ದರು.

ಪರೀಕ್ಷೆಯ ದಿನ ರಜೆ ಹಾಕಿ ನಾನೂ ಹೋದೆ. ಅವಳ ಕಣ್ಣಿಗೆ ಬೀಳಬಾರದೆಂಬ ಷರತ್ತಿನ ಮೇಲೆ ಟೀಚರ್ ಕರೆದುಕೊಂಡು ಹೋಗಿದ್ದರು. ನಾನು ಒಂದು ಹೊಂಗೆ ಮರದ ಹಿಂದೆ, ಮೈದಾನಕ್ಕೆ ಬೆನ್ನು ಮಾಡಿ ನಿಂತೆ. ಗಾಡಿಗಳ ಸದ್ದಿನಲ್ಲಿ ನಮ್ಮದು ಯಾವುದೆಂದು ಕಿವಿಯಲ್ಲೇ ಹುಡುಕುತ್ತಿದ್ದೆ. ನನ್ನ ಪರೀಕ್ಷೆಗಳಿಗೆ ಕೂಡ ನಾನು ಇಷ್ಟು ಬೆವೆತಿರಲಿಲ್ಲ. ಅಲ್ಲೇ ನಿಂತಿದ್ದ ಒಬ್ಬರು, "ನಿಮ್ದೂ ಟೆಸ್ಟಾ ಸಾರ್?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ತಿರುಗಿದರೆ ವಿಮಲಾ. "ಆಯ್ತು ಕಣ್ರೀ. ಕಾಲು ಊರಲಿಲ್ಲ," ಎಂದಳು. ನಾನು ಅವಳ ಕೈಯನ್ನು ಹಿಡಿದುಕೊಂಡೆ. ವಾಪಸು ಬರುವಾಗ ಅವಳೇ ಓಡಿಸಿದಳು. ಹಿಂದೆ ಕುಳಿತು ಬಾಯಿ ಮುಚ್ಚಿಕೊಂಡಿದ್ದದ್ದು ನನ್ನ ಸಾಧನೆ.

ಈಗ ವಿಮಲಾ ಜಂಗಮಕೋಟೆಯಲ್ಲಿ ವಿಮಲಾ ಮೇಡಮ್. ಅವಳ ಹತ್ತಿರ ಕಲಿತ ಹುಡುಗಿಯರು ಸೀರೆಗಳನ್ನು ತಮ್ಮ ಮನೆಗಳಿಗೆ ತಂದು ಕುಚ್ಚು ಕಟ್ಟುತ್ತಾರೆ. ಸ್ಕೂಟರ್ ಪೂರ್ತಿಯಾಗಿ ಅವಳದಾಯಿತು. ನನಗೆ ಉಳಿದದ್ದು ಬಸ್ಸು. ಎಂಟು ಗಂಟೆಯ ಮೇಲಿನ ಬಸ್ಸುಗಳಲ್ಲಿ ಕಾಲೇಜಿನ ಮಕ್ಕಳು ತುಂಬಿ, ಒಂಟಿಕಾಲಿನಲ್ಲಿ ನಿಂತು ಹೋಗಬೇಕು. ಕೂರಲು ಜಾಗ ಬೇಕೆಂದರೆ ಏಳು ಗಂಟೆಯ ಬಸ್ಸನ್ನೇ ಹಿಡಿಯಬೇಕು. ಅದನ್ನು ಹಿಡಿಯಬೇಕೆಂದರೆ ಐದಕ್ಕೆ ಏಳಬೇಕು. ಯಾವ ತರಬೇತಿಯಿಂದಲೂ ಆಗದ ಅಭ್ಯಾಸ ಹೀಗೆ ತಾನಾಗಿಯೇ ಕೂಡಿಬಂತು. ಸಾಹೇಬರು ಬಹಳ ಸಂತೋಷಪಟ್ಟು, "ನೋಡಿ, ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ಬದಲಾಗ್ಬೋದು. ನಾಗರಾಜಪ್ಪನವರನ್ನೇ ನೋಡಿ," ಎಂದು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ.

ಅವರಿಗೆ ಗೊತ್ತಿಲ್ಲದ ವಿಷಯವೆಂದರೆ, ಹಾಗೆ ಉಳಿಸಿದ ನಿದ್ದೆಯನ್ನೆಲ್ಲ ನಾನು ಬಸ್ಸಿನ ಕಿಟಕಿಯ ಪಕ್ಕದ ಸೀಟಿನಲ್ಲಿ ಖರ್ಚು ಮಾಡುತ್ತೇನೆ. ಆ ಬಸ್ಸು ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿಗೆ ಹೋಗುತ್ತದೆ. ಹೋದ ವಾರ ಕಂಡಕ್ಟರ್ ನನ್ನನ್ನು ತಟ್ಟಿ ಎಬ್ಬಿಸಿ, "ಎಲ್ಲಿ ಇಳೀಬೇಕಿತ್ತು ಸಾರ್?" ಎಂದು ಕೇಳಿದಾಗ ಹೊರಗೆ ನೋಡಿದರೆ ಮಂಚೇನಹಳ್ಳಿ. ಇಳಿದು, ಬಿಸಿಲಿಗೆ ಮೈಯೊಡ್ಡಿ, ನಿಧಾನವಾಗಿ ಒಂದು ಚಹ ಕುಡಿದು, ಎದುರಿನಿಂದ ಬಂದ ಬಸ್ಸು ಹತ್ತಿದೆ. ಆದರೂ ಸಾಹೇಬರಿಗಿಂತ ಮೊದಲೇ ಕಚೇರಿಯಲ್ಲಿದ್ದೆ. ಬೇಗ ಏಳುವುದರಿಂದ ಆಗುವ ಲಾಭವೆಂದರೆ ಇದೇ. ತಡವಾಗಿ ಎದ್ದಿದ್ದರೆ ಮಂಚೇನಹಳ್ಳಿಗೆ ಹೋಗಿಬರಲು ನನಗೆ ಸಮಯವೇ ಸಿಗುತ್ತಿರಲಿಲ್ಲ.