ಆಟಕ್ಕೆ ಮುಯ್ಯಾಳು

ನಿಮ್ಮ ದೊಡ್ಡಜ್ಜಿಗೆ ಒಂದು ಆಟವೂ ಬರುವುದಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಂಡಿರಾ? ಹೌದು ಮಕ್ಕಳೇ, ಹೊಟ್ಟೆಕಿಚ್ಚಿಗೇ ಹೇಳುತ್ತಿದ್ದೇನೆ. ಆದರೆ ಮಾತು ಮಾತ್ರ ನಿಜ.

ಅವರು ನಿಮ್ಮ ತಾತನ ಅಣ್ಣನ ಹೆಂಡತಿ, ನನಗೆ ಓರಗಿತ್ತಿ. ನಾನು ಅಕ್ಕ ಎನ್ನುತ್ತೇನೆ. ಬೆಟ್ಟದಪುರದ ಪಕ್ಕದ ನಮ್ಮೂರಿನಲ್ಲಿ ಇಬ್ಬರ ಮನೆಗೂ ಒಂದೇ ಅಂಗಳ. ಎಪ್ಪತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ ಅಲ್ಲಿ ಶಟ್ಲು ಬ್ಯಾಟು ಬೀಸುವುದನ್ನು ನೀವೆಲ್ಲ ನೋಡಿದ್ದೀರಿ. ಅಂಗಳಕ್ಕೆ ಕಾಲಿಟ್ಟವರು ಒಂದು ಆಟ ಆಡದೆ ಹೊರಗೆ ಹೋಗುವಂತಿಲ್ಲ. ಒಮ್ಮೆ ಮದುವೆ ಕಾಗದ ಕೊಡಲು ಬಂದವರು ಮೂರು ಆಟ ಆಡಿ, ಕಾಗದ ಕೊಡುವುದನ್ನೇ ಮರೆತು ಹೊರಟುಹೋದರು. ಆ ಮದುವೆಗೆ ನಾವು ಕರೆಯಿಲ್ಲದೇ ಹೋಗಬೇಕಾಯಿತು! ಇನ್ನು ಶಟ್ಲು ಅವರ ಕಡೆ ಬಿದ್ದರೆ ಅದಕ್ಕೆ ಕಾರಣ ಗಾಳಿ. ಎಲೆ ಅಲ್ಲಾಡದ ದಿನವೂ ಗಾಳಿಯೇ.

ಇಂಥವರಿಗೆ ಅಂಟಿಕೊಂಡಳು ನೋಡಿ, ನಿಮ್ಮಲ್ಲೊಬ್ಬಳು. ಹೆಸರು ಬರೆದರೆ ಉಳಿದವರು ಮುನಿಸಿಕೊಳ್ಳುತ್ತೀರಿ. ಮೈಸೂರಿನಲ್ಲಿ ಓದುವವಳು ಎಂದರೆ ಸಾಕು. ಕಳೆದ ರಜೆಯಲ್ಲಿ ಅವಳು ಬಂದಾಗ ಕಾಲೇಜಿಗೆಂದು ಒಂದು ಆ್ಯಪ್ ಮಾಡಬೇಕಿತ್ತು. ಆಡಲು ಜೊತೆ ಇಲ್ಲದವರಿಗೆ ಜೊತೆ ಹುಡುಕಿಕೊಡುವ ಆ್ಯಪ್. ಯಾವ ಆಟ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಒತ್ತಿದರೆ, ಸುತ್ತಮುತ್ತ ಅದೇ ಆಸೆ ಇಟ್ಟುಕೊಂಡು ಕೂತವರಿಗೆ ಸುದ್ದಿ ಹೋಗುತ್ತದೆ. ಮೊದಲು ಕಾಗದದ ಮೇಲೆ ಫೋನಿನ ಚಿತ್ರ ಬರೆದು ಯಾರ ಕೈಯಲ್ಲಾದರೂ ಒತ್ತಿಸಿ ನೋಡಬೇಕಂತೆ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಂತೆ.

ಮೊದಲು ನನ್ನನ್ನೇ ಕೇಳಿದಳು. ನನಗೇನು ಗೊತ್ತಾಗುತ್ತದೆ ಎಂದು ನಾಚಿಕೊಂಡು ಒಳಗೆ ಹೋದೆ. ಇನ್ನೊಂದು ಸಲ ಕರೆಯಲಿ ಎಂದು ಬಾಗಿಲ ಹಿಂದೆ ನಿಂತೆ. ಅಷ್ಟರಲ್ಲಿ ಅಕ್ಕ ಬಂದು ಜಗಲಿಯ ಮೇಲೆ ಕೂತಾಗಿತ್ತು.

ಕಾಗದ ಹರಿಯುವ ಹಾಗೆ ಒತ್ತಿದರು. ಒತ್ತಿ, ಕತ್ತೆತ್ತಿ ಬೀದಿಯ ಕಡೆ ನೋಡಿದರು.

"ಯಾರೂ ಬರ್ನಿಲ್ವಲ್ಲ ಮಗ?"

ನಿಮಗೆ ಯಾವ ಆಟ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಇನ್ನೊಂದು ಕಾಗದದಲ್ಲಿ ಕೇಳಿತ್ತು: ಕಲಿಯುವವರು, ಸಾಧಾರಣ, ನುರಿತವರು. ಅಕ್ಕ ಎಲ್ಲದಕ್ಕೂ ನುರಿತವರು ಎಂದೇ ಒತ್ತಿದರು. ಕಬಡ್ಡಿ, ಕ್ರಿಕೆಟ್, ಕೊನೆಗೆ ಈಜು ಕೂಡ.

"ದೊಡ್ಡಜ್ಜಿ, ನಿಮಗೆ ಈಜು ಬರುತ್ತಾ?"

"ಇವತ್ತಿನ ಗಂಟ ಒಂದಪನೂ ಮುಳುಗಿಲ್ಲ ಕಣವ್ವ."

ನೀರಿಗೆ ಇಳಿದಿದ್ದರೆ ತಾನೇ ಮುಳುಗುವುದು? ಇದನ್ನು ಹೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನ್ನ ಮಾತುಗಳೆಲ್ಲ ಅಲ್ಲಿಯವರೆಗೆ ಮಾತ್ರ ಬರುತ್ತವೆ.

ಅಲ್ಲಿಂದ ಒಂದು ವಾರ ಆ ಹುಡುಗಿ ಅವರ ಜಗಲಿ ಬಿಟ್ಟು ಏಳಲಿಲ್ಲ. ನನ್ನ ಮನೆಗೆ ಬಂದ ಮಗು ಅವರ ಮನೆಯ ಅಕ್ಕಿರೊಟ್ಟಿ ತಿಂದಿತು. ನನ್ನ ರೊಟ್ಟಿ ಹೂವಿನ ಹಾಗೆ ಇರುತ್ತದೆಂದು ನೀವೇ ಹೇಳುತ್ತೀರಿ. ಅವರದನ್ನು ತಿನ್ನಬೇಕಾದರೆ ಹಲ್ಲು ಮಾತ್ರವಲ್ಲ, ಧೈರ್ಯವೂ ಬೇಕು. ಆದರೂ ಎರಡೆರಡು ತಿನ್ನುತ್ತಿದ್ದಳು!

ಕಡೆಗೆ ಆ್ಯಪ್ ಫೋನಿಗೆ ಬಂತು. ಭಾನುವಾರ ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ವಾಲಿಬಾಲ್ ಎಂದು ಹಾಕಿದಳು. ಬರುತ್ತೇವೆ ಎಂದು ಒತ್ತಿದವರು ಹನ್ನೆರಡು ಜನ. ಬಂದವರು ಮೂವರು. ಅದರಲ್ಲೂ ಒಬ್ಬ ತಪ್ಪಿಸಿಕೊಂಡ ಎಮ್ಮೆ ಹುಡುಕಿಕೊಂಡು ಬಂದವನು. ಹುಡುಗಿಯ ಮುಖ ಬಾಡಿತು. ಇನ್ನು ಹತ್ತು ದಿನಕ್ಕೆ ಕಾಲೇಜಿನಲ್ಲಿ ತೋರಿಸಬೇಕು, ಜನವೇ ಬರದಿದ್ದರೆ ಏನು ತೋರಿಸಲಿ ಎಂದು ಕಣ್ಣು ಒರೆಸಿಕೊಂಡಳು.

ಒಲೆಯ ಮುಂದೆ ಕೂತಿದ್ದ ನನಗೆ ಆಗ ಹೊಳೆಯಿತು: ಮುಯ್ಯಾಳು. ಹೊಗೆಸೊಪ್ಪು ಮುರಿಯುವ ಕಾಲಕ್ಕೆ ನಮ್ಮ ಹೊಲಕ್ಕೆ ನೀವು ಒಂದು ದಿನ ಬಂದರೆ, ನಿಮ್ಮ ಹೊಲಕ್ಕೆ ನಾವು ಒಂದು ದಿನ ಬರಬೇಕು. ಕೂಲಿ ಇಲ್ಲ, ಬರೀ ಮುಯ್ಯಿ. ತೀರಿಸದವರ ಹೊಲಕ್ಕೆ ಮುಂದಿನ ಸಲ ಯಾರೂ ಹೋಗುವುದಿಲ್ಲ. ಆಟಕ್ಕೂ ಹಾಗೇ ಮಾಡಿದರೆ? ಮೂವತ್ತು ವರ್ಷ ನಮ್ಮ ಬೀದಿಯಲ್ಲಿ ಯಾರು ಯಾರಿಗೆ ಎಷ್ಟು ದಿನ ಹೋಗಬೇಕೆಂದು ನೆನಪಿಟ್ಟುಕೊಂಡವಳು ನಾನು. ಊಟ ಬಡಿಸುವಾಗ ಮೆಲ್ಲಗೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಹೊರಗಿನಿಂದ ಅಕ್ಕನ ಗಂಟಲು ಕೇಳಿತು.

"ಸುಮ್ಸುಮ್ನೆ ಯಾರ್ ಬಂದಾರು? ಮುಯ್ಯಾಳು ಅನ್ನು, ಬತ್ತಾರೆ."

ಹುಡುಗಿ ಅವರನ್ನು ತಬ್ಬಿಕೊಂಡು, ದೊಡ್ಡಜ್ಜಿಯಷ್ಟು ಬುದ್ಧಿವಂತರನ್ನು ಕಂಡಿಲ್ಲ ಎಂದಳು. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಬೇಕೆಂದು ಹಾಕಿದ್ದಲ್ಲ. ಮೊದಲನೆಯದಂತೂ ಕೋಪಕ್ಕೆ ಹಾಕಿದ್ದಲ್ಲ.

ಆ್ಯಪ್ ಬದಲಾಯಿತು. ಬೇರೆಯವರು ನಿಮ್ಮೂರಿಗೆ ಬಂದು ಆಡಿ ಹೋದರೆ ನಿಮ್ಮ ಹೆಸರಿನ ಪಕ್ಕ ಸಾಲದ ಗುರುತಾಗಿ ಒಂದು ಎಲೆ ಮೂಡುತ್ತದೆ. ನೀವು ಅವರೂರಿಗೆ ಹೋಗಿ ಆಡಿದರೆ ಎಲೆ ಉದುರುತ್ತದೆ. ನಮ್ಮೂರಿನ ಆರು ಜನ ಮೊದಲು ಕಂಪಲಾಪುರಕ್ಕೆ ಹೋಗಿ ಆಡಿ ಬಂದರು. ಎರಡೇ ದಿನಕ್ಕೆ ಅಲ್ಲಿಂದ ಒಂದು ಗೂಡ್ಸ್ ಆಟೋ ತುಂಬ ಜನ ಬಂದಿಳಿದರು! ಊರೆಲ್ಲ ಅಕ್ಕನನ್ನು ಹೊಗಳಿತು. ಅಕ್ಕ ಹೊಗಳಿಕೆಗೆ ಬೇಡ ಎಂದದ್ದು ನನಗೆ ನೆನಪಿಲ್ಲ.

ಹೊರಡುವ ಹಿಂದಿನ ದಿನ ಹುಡುಗಿ ಜಗಲಿಯ ಮೇಲೆ ಕೂತು ಇನ್ನೊಂದು ಪ್ರಶ್ನೆ ಕೇಳಿದಳು. ಆಡಿಸಿಕೊಂಡವರಿಗೆ ವಾಪಸ್ ಹೋಗಲು ಆಗದೇ ಹೋದರೆ? ಕಾಯಿಲೆಯೋ ಕಷ್ಟವೋ ಬಂದರೆ?

ನಾನು ಒಳಗಿನಿಂದ ಕಿವಿ ಕೊಟ್ಟೆ. ಅಕ್ಕನಿಗೆ ಏನೂ ಗೊತ್ತಿಲ್ಲ, ಏನೋ ಒಂದು ಹೊಸೆಯುತ್ತಾರೆ ಎಂದುಕೊಂಡೆ.

"ಅದು ನಂಗೊತ್ತಿಲ್ಲ ಕಣವ್ವ. ಬೀದಿ ಮುಯ್ಯೆಲ್ಲ ಇದ್ದಿದ್ದು ನಿಮ್ಮಜ್ಜಿ ತಲೇಲಿ. ನಾನು ಬರೀ ಬಾಯಿ." ಆಮೇಲೆ ನನ್ನ ಬಾಗಿಲ ಕಡೆ ತಿರುಗಿದರು. "ಬಾಮ್ಮಿ ಆಚ್ಗೆ. ನೀ ಅಲ್ಲಿ ನಿಂತಿರೋದು ಮಗ ಬಂದ ದಿನ್ದಿಂದ ಕಾಣ್ತಾ ಅದೆ."

ಸೆರಗು ಸರಿಮಾಡಿಕೊಂಡು ಹೋದೆ. ಹುಡುಗಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಮೊದಮೊದಲು ಮಾತು ಹೊರಡಲಿಲ್ಲ, ಆಮೇಲೆ ನಿಲ್ಲಲಿಲ್ಲ. ಬಾಣಂತಿಯ ಮನೆಯನ್ನು ಕೇಳಬಾರದು, ಸಾವಾದ ಮನೆಯನ್ನು ಆ ವರ್ಷ ಕೇಳಬಾರದು, ಅವರ ಪರವಾಗಿ ಇನ್ನೊಬ್ಬರು ಹೋಗಿ ತೀರಿಸಬಹುದು ಎಂದೆಲ್ಲ ಹೇಳಿದೆ. ಅವಳು ಒಂದೊಂದನ್ನೂ ಬರೆದುಕೊಂಡಳು.

ಹೇಳುತ್ತಾ ಹೇಳುತ್ತಾ ನಮ್ಮ ಮನೆಯದೇ ನೆನಪಾಯಿತು. ನಿಮ್ಮ ತಾತ ಹೋದಾಗ ಹೊಲದಲ್ಲಿ ಹೊಗೆಸೊಪ್ಪಿನ ಎಲೆ ಹಣ್ಣಾಗಿ ನಿಂತಿತ್ತು. ತೀರಿಸಲಾಗದವಳು ಯಾರನ್ನು ಕರೆಯಲಿ? ಕಾರ್ಯ ಮುಗಿಸಿ ಹೊಲಕ್ಕೆ ಹೋಗಿ ನೋಡಿದರೆ ಹಣ್ಣಾದ ಎಲೆಯನ್ನೆಲ್ಲ ಯಾರೋ ಮುರಿದು, ಹದ ಮಾಡುವ ಗೂಡಿಗೆ ಬೇಯಿಸಲು ಏರಿಸಿಯೂ ಆಗಿತ್ತು. ಒಬ್ಬರೂ ವಾಪಸ್ ಕೇಳಲಿಲ್ಲ, ಊರಿನವರು ಅಷ್ಟು ಒಳ್ಳೆಯವರು ಎಂದೆ.

ಅಕ್ಕ ಎದ್ದು ಚಪ್ಪಲಿ ಹುಡುಕತೊಡಗಿದರು. ಚಪ್ಪಲಿ ಕಾಲಲ್ಲೇ ಇತ್ತು.

ಆ ವರ್ಷ ಅಕ್ಕ ಎರಡು ತಿಂಗಳು ಬೆಳಗಾದರೆ ಯಾರ್ಯಾರದೋ ಹೊಲದಲ್ಲಿ ಇರುತ್ತಿದ್ದರು. ದುಃಖದ ಮನೆಯಲ್ಲಿ ಕೂರಲಾರದೆ ಊರು ಸುತ್ತುತ್ತಾರೆ ಎಂದು ನಾನೇ ಆಡಿಕೊಂಡಿದ್ದೆ.

"ಅಕ್ಕ, ಅಷ್ಟೂ ಮುಯ್ಯಿ ನೀವೊಬ್ರೇ ತೀರ್ಸಿದ್ರಾ?"

"ಬುಡು ಅತ್ಲಾಗೆ," ಎಂದರು. "ಈಗ್ಯಾಕೆ ಅದು."

ಮಾರನೆಯ ಬೆಳಿಗ್ಗೆ ಹುಡುಗಿಯನ್ನು ಬಸ್ಸು ಹತ್ತಿಸಿ ಬಂದು, ಅಂಗಳದ ಮೂಲೆಯಲ್ಲಿದ್ದ ಎರಡನೆಯ ಬ್ಯಾಟನ್ನು ನಾನು ಕೈಗೆ ತೆಗೆದುಕೊಂಡೆ. ಹುಟ್ಟಿದಾಗಿನಿಂದ ಹಿಡಿದವಳಲ್ಲ. ಅಕ್ಕ ತಮ್ಮ ಬ್ಯಾಟು, ಶಟ್ಲು ಎತ್ತಿಕೊಂಡರು. ಎಳೆ ಮಗುವಿಗೆ ಹಾಕುವ ಹಾಗೆ ಮೆಲ್ಲಗೆ ಹಾಕಿದರು. ನನಗೆ ಒಂದೂ ಸಿಗಲಿಲ್ಲ. ಬಿದ್ದಾಗಲೆಲ್ಲ ಅವರೇ ನಡೆದು ಬಂದು, ಸೊಂಟ ಹಿಡಿದುಕೊಂಡು ಬಗ್ಗಿ, ಎತ್ತಿ ನನ್ನ ಕೈಗೆ ಕೊಟ್ಟರು.