ಒಂದು ದಿನವೂ ತಡವಾಗಿ ಬಾರದ ನಟ

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಅಂತ ಕೇಳಿಕೊಳ್ಳುವುದನ್ನು ಬಿಟ್ಟು ಬಹಳ ವರ್ಷವಾಯಿತು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ನಮ್ಮದು ತಮಿಳುನಾಡಿನ ತೇನಿ ಕಡೆಯ ಕೊಂಬೈ. ಬೆಟ್ಟದ ಬುಡದಲ್ಲಿ ಅಪ್ಪನ ದ್ರಾಕ್ಷಿ ತೋಟ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದವರು ನಾವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಚಿನ್ನಮನೂರಿನಲ್ಲಿ ನನ್ನದೊಂದು ಬೈಕ್ ಬಿಡಿಭಾಗಗಳ ಅಂಗಡಿ ಇದೆ. ಯಾರಾದರೂ ಏನು ಕೆಲಸ ಅಂದರೆ ಮಾತ್ರ ನಾನು ಅಂಗಡಿಯ ಹೆಸರು ಎತ್ತುವುದಿಲ್ಲ, ನಟ ಅನ್ನುತ್ತೇನೆ. ಕೇಳಿದವರು, "ಸರಿ, ಹೊಟ್ಟೆಪಾಡಿಗೆ?" ಅನ್ನುತ್ತಾರೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ದಿಂಡುಕ್ಕಲ್ಲಿನ ಒಬ್ಬ ವಾದ್ಯಾರರ ಹತ್ತಿರ ಸೇರಿದೆ. ನಮ್ಮ ಕಡೆ ನಾಟಕ ಕಲಿಸುವ ಮೇಷ್ಟರನ್ನು ವಾದ್ಯಾರ್ ಅನ್ನುತ್ತಾರೆ. ಮೊದಲ ಆರು ತಿಂಗಳು ಅವರು ನನ್ನಿಂದ ಒಂದು ಮಾತೂ ಆಡಿಸಲಿಲ್ಲ. ಬರೀ ನಡಿಗೆ. ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಊರಲ್ಲಿ ನನ್ನ ಜೊತೆಯವರು ಕೇಳುತ್ತಿದ್ದರು: "ವಾರವಾರ ಎರಡು ಬಸ್ಸು ಬದಲಾಯಿಸಿ ದಿಂಡುಕ್ಕಲ್ಲಿಗೆ ಹೋಗಿ ಏನೋ ಮಾಡ್ತೀಯ?"

"ನಡೀತೀನಿ," ಅಂದೆ.

"ಅದಕ್ಕೆ ಇಲ್ಲಿಂದಲೇ ನಡ್ಕೊಂಡು ಹೋಗಬಹುದಿತ್ತಲ್ಲ."

ದನಿ

ನಡಿಗೆ ಮುಗಿದ ಮೇಲೆ ವಾದ್ಯಾರರು ದನಿಗೆ ಬಂದರು. "ನಿನ್ನ ದನಿ ಗಂಟಲಲ್ಲೇ ಸತ್ತುಹೋಗ್ತಿದೆ. ಹೊಟ್ಟೆಯಿಂದ ತೆಗಿ. ದಿನಾ ಬೆಳಕು ಹರಿಯೋ ಮುಂಚೆ ಒಂದು ಗಂಟೆ, ಬಯಲಲ್ಲಿ ನಿಂತು."

ನಮ್ಮ ತೋಟದ ಕೊನೆ ಸಾಲಿಗೆ ಹೋಗಿ ಬೆಟ್ಟಕ್ಕೆ ಮುಖ ಮಾಡಿ ನಿಂತುಕೊಳ್ಳುತ್ತಿದ್ದೆ. ಮೊದಲು ಆ, ಈ, ಊ. ಆಮೇಲೆ ರಾಜನ ಪಾತ್ರದ ಮಾತು. ಕೋಪ, ಕರುಣೆ, ಯುದ್ಧದ ಕೂಗು, ಎಲ್ಲವೂ. ಹೀಗೆ ಒಂದು ವರ್ಷ, ಒಂದು ದಿನವೂ ತಪ್ಪಿಸದೆ. ಪಕ್ಕದ ತೋಟದ ಹಿರಿಯರು, ನಮ್ಮ ಕಡೆ ಪೆರಿಯವರು ಅನ್ನುತ್ತೇವೆ, ಚಪ್ಪರದ ಕೆಳಗೆ ಕೂತು ಕೇಳುತ್ತಿದ್ದರು. ಏನೂ ಅನ್ನುತ್ತಿರಲಿಲ್ಲ, ನಕ್ಕೂ ಇಲ್ಲ. ಕೊಂಬೈಯಲ್ಲಿ ಒಬ್ಬರಾದರೂ ರಸಿಕರಿದ್ದಾರೆ ಅಂದುಕೊಂಡೆ. ಅವರಿಗಾಗಿಯೇ ಕೆಲವು ಮಾತುಗಳನ್ನು ಎರಡೆರಡು ಸಲ ಹೇಳುತ್ತಿದ್ದೆ.

ವರ್ಷ ತುಂಬಿದ ಮೇಲೆ ಒಂದು ಸಲ ಜ್ವರ ಬಂದು ಮೂರು ದಿನ ಹೋಗಲಾಗಲಿಲ್ಲ. ನಾಲ್ಕನೇ ದಿನ ಪೆರಿಯವರು ಮನೆ ಬಾಗಿಲಿಗೇ ಬಂದರು. ನನಗೆ ಕಣ್ಣು ತುಂಬಿ ಬಂತು.

"ಯಾಕೆ ಸಾಮಿ ಮೂರು ದಿನ ಬರಲಿಲ್ಲ?" ಅಂದರು.

"ಮೈ ಸರಿಯಿರಲಿಲ್ಲ. ನೀವು ಇಷ್ಟು ದೂರ..."

"ಹಿಂಗೆ ಹೇಳದೆ ಕೇಳದೆ ನಿಲ್ಲಿಸಿಬಿಟ್ಟರೆ ಹೆಂಗೆ? ಹಂದಿ ನುಗ್ಗಿ ನನ್ನ ಅರ್ಧ ತೋಟ ತಿಂದುಹೋದವಲ್ಲ!"

ನೇಕಾರ

ಮೂರನೇ ವರ್ಷದ ಪಾಠ, ನೋಡುವುದು. ಒಬ್ಬ ಮನುಷ್ಯನನ್ನು ಆರಿಸಿಕೊಳ್ಳಬೇಕು, ಎರಡು ತಿಂಗಳು ಅವನನ್ನು ನೋಡಬೇಕು. ಮಾತಾಡಿಸಬಾರದು. ಆಮೇಲೆ ವಾದ್ಯಾರರ ಮುಂದೆ ಅವನಾಗಬೇಕು.

ದಿಂಡುಕ್ಕಲ್ಲಿನ ಹತ್ತಿರದ ಚಿನ್ನಾಳಪಟ್ಟಿಯಲ್ಲಿ ಒಬ್ಬ ನೇಕಾರರನ್ನು ಆರಿಸಿಕೊಂಡೆ. ಐವತ್ತೈದು ದಾಟಿದವರು, ಬೀದಿ ಬದಿಯ ಕೋಣೆಯಲ್ಲಿ ಮಗ್ಗ. ಎದುರು ಜಗಲಿಯಲ್ಲಿ ಕೂತರೆ ಎಲ್ಲ ಕಾಣುತ್ತಿತ್ತು. ಪ್ರತಿ ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಕೂತೆ. ಲಾಳಿ ಎಸೆಯುವ ಕೈ, ತುಳಿಯುವ ಕಾಲು, ನೆಟ್ಟಗಿನ ಬೆನ್ನು, ದಾರ ಹರಿದಾಗಲೂ ಕೆಡದ ನಗುಮುಖ. ಎಂಥ ಮನುಷ್ಯ ಅನ್ನಿಸಿತು. ಎರಡನೇ ವಾರದಿಂದ ಅವರ ಹೆಂಡತಿ ಕಾಫಿ ತಂದುಕೊಟ್ಟರು. ನಾಲ್ಕನೇ ವಾರ ಮುರುಕ್ಕು. ಆರನೇ ವಾರ ಎಲೆ ಹಾಕಿ ಊಟ. ಕಲೆಗೆ ಇಷ್ಟು ಮರ್ಯಾದೆ ಕೊಡುವ ಊರೂ ಇದೆಯಲ್ಲ ಅಂತ ಸುಮ್ಮನೆ ಉಂಡೆ.

ಎಂಟನೇ ವಾರ ಆಕೆ ತಡೆಯಲಾರದೆ ಕೇಳಿಯೇಬಿಟ್ಟರು. "ತಪ್ಪು ತಿಳೀಬೇಡಿ ತಂಬಿ. ಹುಡುಗ ಏನು ಕೆಲಸದಲ್ಲಿದಾನೆ?"

"ಯಾವ ಹುಡುಗ?"

"ನೀವು ಗಂಡಿನ ಕಡೆಯವರಲ್ವಾ? ನಮ್ಮ ಮನೆತನ ನೋಡೋಕೆ ತಾನೇ ಬಂದು ಕೂತಿರೋದು?"

ಪಾಠ ಮುಗಿದಿತ್ತಲ್ಲ, ಬಾಯಿ ಬಿಟ್ಟೆ. ನಾನು ನಟ, ನಿಮ್ಮ ಯಜಮಾನರನ್ನು ನೋಡಿ ಕಲಿಯುತ್ತಿದ್ದೇನೆ ಅಂದೆ. ಮಗ್ಗ ನಿಂತಿತು. ನೇಕಾರರು ಸೊಂಟ ಹಿಡಿದುಕೊಂಡು, ನರಳುತ್ತಾ ಮಗ್ಗದ ಗುಂಡಿಯಿಂದ ಎದ್ದರು. ನಾನು ಎಂಟು ವಾರದಲ್ಲಿ ಒಮ್ಮೆಯೂ ನೋಡದ ಮನುಷ್ಯ ಅವರು. ಬೆನ್ನು ಬಾಗಿತ್ತು, ಮುಖ ಕಿವುಚಿಕೊಂಡಿತ್ತು. "ಪಾವಿ! ನಿನ್ನಿಂದ ಎರಡು ತಿಂಗಳು ನೆಟ್ಟಗೆ ಕೂತು ನೇಯ್ದೆ. ದಾರ ಹರಿದರೆ ಬೈಯೋಕೂ ಇಲ್ಲ!"

ಅದನ್ನು ವಾದ್ಯಾರರಿಗೆ ಹೇಳಲು ನಾಚಿಕೆಯಾಗಿ, ಕಲಿತದ್ದನ್ನೇ ಮಾಡಿ ತೋರಿಸಿದೆ. ಲಾಳಿ, ತುಳಿತ, ಬೆನ್ನು, ನಗುಮುಖ. ಅವರು ಕಣ್ಣು ಕಿರಿದು ಮಾಡಿ ಕೊನೆವರೆಗೂ ನೋಡಿದರು. "ಕೈ ಸರಿಯಾಗಿದೆ. ಆದರೆ ಇವನು ನೇಕಾರ ಅಲ್ಲ ಕಣೋ. ಮಗಳ ಮದುವೆ ಗೊತ್ತು ಮಾಡೋಕೆ ಕೂತ ಯಾವನೋ ಅಪ್ಪ."

ಉತ್ತರ

ಇದು ಚಿಕ್ಕದು. ಹನ್ನೊಂದು ವರ್ಷವಾದ ಮೇಲೆ ಒಂದು ದಿನ ಧೈರ್ಯ ಮಾಡಿ ವಾದ್ಯಾರರನ್ನು ಕೇಳಿದೆ. "ಅಯ್ಯಾ, ನಿಜ ಹೇಳಿ. ನನ್ನಲ್ಲಿ ನಟನೆ ಇದೆಯಾ?"

ಅವರು ಪೇಪರ್ ಮಡಿಸಿಟ್ಟರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಕಿಟಕಿಯಾಚೆ ಬಹಳ ಹೊತ್ತು ನೋಡಿದರು. ಕೊನೆಗೆ ನನ್ನ ಭುಜದ ಮೇಲೆ ಕೈಯಿಟ್ಟು ಅಂದರು:

"ನೀನು ಒಂದು ದಿನವೂ ತಡವಾಗಿ ಬಂದಿಲ್ಲ."

ನಮ್ಮ ಮಾತು

ತೇನಿ ಸುತ್ತ ಸಿನಿಮಾದವರು ಬರುತ್ತಲೇ ಇರುತ್ತಾರೆ. ಬೆಟ್ಟ, ಗದ್ದೆ, ತೋಟ ಎಲ್ಲ ಒಂದೇ ಕಡೆ ಸಿಗುತ್ತದಲ್ಲ. ತಮಿಳು ಚಿತ್ರಗಳಲ್ಲಿ ನನಗೆ ಸಿಕ್ಕಿದ ಮಾತು ಒಟ್ಟು ನಾಲ್ಕು. ಅದರಲ್ಲಿ ಮೂರನ್ನು ಕತ್ತರಿಸಿದರು. ಕಾರಣ ಕೇಳಿದರೆ, "ಅಣ್ಣೇ, ನಿಮ್ಮ ತಮಿಳಲ್ಲಿ ಏನೋ ಕನ್ನಡದ ವಾಸನೆ" ಅಂದರು.

ಹೀಗಿರುವಾಗ ಬೆಂಗಳೂರಿನಿಂದ ಒಂದು ಕನ್ನಡ ಧಾರಾವಾಹಿಯವರು ನಮ್ಮ ಹತ್ತಿರದ ಕಂಬಂ ಕಡೆ ಬಂದರು. ಅಂಗಡಿಗೆ ಬೀಗ ಹಾಕಿ ಓಡಿದೆ. ಮೂವತ್ತು ದಾಟಿದ ಮೇಲೆ, ನಾಟಕ ಓದಬೇಕು ಅಂತ ನಾನೇ ಕೂತು ಕನ್ನಡ ಅಕ್ಷರ ಕಲಿತವನು ನಾನು. ಪಾತ್ರ ಕೊಟ್ಟರು, ತೋಟದ ಯಜಮಾನ. ಎರಡು ಪುಟ ಮಾತು! ಹತ್ತು ದಿನ ಅಭ್ಯಾಸ ಮಾಡಿದೆ.

ಕ್ಯಾಮೆರಾ ಮುಂದೆ ನಾಲ್ಕು ಮಾತು ಆಡಿದ್ದೆ, ಅಸಿಸ್ಟೆಂಟ್ ಡೈರೆಕ್ಟರ್ ಹುಡುಗಿ ಕೈ ಎತ್ತಿದಳು. "ಸಾರ್, ಕನ್ನಡದಲ್ಲಿ ಮಾತಾಡಿ."

"ಕನ್ನಡವೇ ಅಮ್ಮಾ ಇದು."

"ಇಲ್ಲ ಸಾರ್, ಏನೋ ತಮಿಳು ಥರ ಇದೆ. ನೀವು ಎಷ್ಟು ವರ್ಷದಿಂದ ಕನ್ನಡ ಕಲೀತಿದ್ದೀರ?"

"ನಾನೂರೈನೂರು ವರ್ಷ ಆಗಿರಬಹುದು," ಅಂದೆ. ಅವಳು ನಗಲಿಲ್ಲ.

ಡೈರೆಕ್ಟರ್ ಯೋಚನೆ ಮಾಡಿ ಒಂದು ದಾರಿ ಹುಡುಕಿದರು. ಪಾತ್ರವನ್ನೇ ಬದಲಾಯಿಸಿದರು. ಈಗ ನಾನು ಕನ್ನಡ ಸರಿಯಾಗಿ ಬಾರದ ತಮಿಳಿನವನು. ಅದನ್ನಾದರೂ ನನ್ನ ದನಿಯಲ್ಲಿ ಬಿಟ್ಟರಾ, ಇಲ್ಲ. ಬೆಂಗಳೂರಿನಲ್ಲಿ ಯಾರೋ ಒಬ್ಬರಿಂದ ಡಬ್ ಮಾಡಿಸಿದರು. ಆ ಪುಣ್ಯಾತ್ಮರು, ತಮಿಳಿನವರು ಕನ್ನಡ ಹೀಗೇ ಮಾತಾಡುವುದು ಅಂತ ತಮಗೆ ತೋಚಿದ್ದನ್ನು ಮೂಗಿನಲ್ಲಿ ಆಡಿದರು.

ಅವ್ವನಿಗೆ ಅಷ್ಟೊತ್ತಿಗೆ ಕಣ್ಣು ಮಂಜಾಗಿತ್ತು. ಪಕ್ಕ ಕೂರಿಸಿಕೊಂಡು ತೋರಿಸಿದೆ. ಪೂರ್ತಿ ಕೇಳಿ ಲೊಚಗುಟ್ಟಿದಳು. "ಆಳು ನೋಡೋಕೆ ನಿನ್ನಂಗೇ ಇದಾನೆ ಕಣೋ ಮಗಾ. ಪಾಪ, ಅವರವ್ವ ಮಾತೇ ಕಲಿಸಿಲ್ಲ."

ಹೆಣ

ಕಳೆದ ವರ್ಷ ಒಂದು ದೊಡ್ಡ ತಮಿಳು ಚಿತ್ರದಲ್ಲಿ ಪಾತ್ರ ಸಿಕ್ಕಿತು. ಊರ ಮುಖಂಡನ ಹೆಣ. ಚಿತ್ರದ ಅರ್ಧ ಕತೆ ಆ ಹೆಣದ ಸುತ್ತಲೇ ನಡೆಯುತ್ತದೆ. ಹದಿನೆಂಟು ನಿಮಿಷ ತೆರೆಯ ಮೇಲೆ. ನಗಬೇಡಿ, ಕ್ಯಾಮೆರಾ ಮುಂದೆ ಸತ್ತು ಮಲಗುವುದು ಸುಲಭವಲ್ಲ. ಉಸಿರು ಹೊಟ್ಟೆಯಲ್ಲೂ ಕಾಣಬಾರದು, ಎದೆಯಲ್ಲೂ ಕಾಣಬಾರದು. ರೆಪ್ಪೆ ಅದುರಬಾರದು. ಎರಡು ವಾರ ಮನೆಯ ನಡುಕೋಣೆಯಲ್ಲಿ ಮಲಗಿ ಅಭ್ಯಾಸ ಮಾಡಿದೆ. ಹೆಂಡತಿ ನನ್ನನ್ನು ದಾಟಿಕೊಂಡು ಗುಡಿಸಿದಳು.

ಚಿತ್ರೀಕರಣದ ದಿನ ಹಣೆಗೆ ನಾಣ್ಯ ಅಂಟಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ ಮಲಗಿಸಿದರು. ಮೊದಲ ಟೇಕ್. ಮೂಗಿನ ಮೇಲೆ ನೊಣ ಕೂತಿತು, ಓಡಾಡಿತು, ಹೋಯಿತು. ನಾನು ಅಲುಗಲಿಲ್ಲ. ಒಪ್ಪಾರಿ ಹಾಡಿ ಅಳಲು ಕರೆಸಿದ್ದ ಮುದುಕಿಯರಲ್ಲಿ ಒಬ್ಬಾಕೆ ನಡುವೆ ಹಾಡು ನಿಲ್ಲಿಸಿ, "ಯಾರಾದರೂ ಮುಟ್ಟಿ ನೋಡ್ರಪ್ಪಾ" ಅಂದಳು. ಇಷ್ಟು ವರ್ಷ ಕಲಿತದ್ದು ಇವತ್ತಿಗೇ ಅಂದುಕೊಂಡೆ.

ಕಟ್ ಆದ ಮೇಲೆ ಡೈರೆಕ್ಟರ್ ಹತ್ತಿರ ಬಂದು ಕೂತರು. "ಅಣ್ಣೇ, ಪ್ರಮಾದಂ, ಅದ್ಭುತ! ಆದರೆ ಒಂದು ಕಷ್ಟ. ಹೀರೋ ಅಳೋವಾಗ ಎಲ್ಲರೂ ನಿಮ್ಮನ್ನೇ ನೋಡ್ತಾರೆ. ಮುಖಕ್ಕೆ ಬಟ್ಟೆ ಮುಚ್ಚಿಬಿಡೋಣ."

ಮುಚ್ಚಿದರು. ಬಟ್ಟೆಯ ಕೆಳಗೂ ನಾನು ಮುಖವನ್ನು ಸಡಿಲ ಬಿಡಲಿಲ್ಲ. ಊಟದ ಹೊತ್ತಿಗೆ ಪ್ರೊಡಕ್ಷನ್ ಮ್ಯಾನೇಜರ್ ಬಂದು, "ಮುಖ ಹೆಂಗೂ ಕಾಣಲ್ಲ, ನೀವು ಹೊರಡಿ ಅಣ್ಣೇ" ಅಂದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಪಕ್ಕದ ತೋಟದಿಂದ ಒಂದು ಬಾಳೆದಿಂಡು ಕಡಿದು ತಂದು, ನನ್ನ ಅಳತೆಗೆ ತುಂಡು ಮಾಡಿ, ನನ್ನ ಜಾಗದಲ್ಲಿ ಮಲಗಿಸಿ, ಅದೇ ಬಟ್ಟೆ ಹೊದಿಸಿದ್ದರು. ಹೀರೋ ಬಂದು ಅದನ್ನು ತಬ್ಬಿಕೊಂಡು ಅತ್ತ. ಬೆಳಗ್ಗೆ ನನ್ನನ್ನು ತಬ್ಬಿ ಅತ್ತದ್ದಕ್ಕಿಂತ ಚೆನ್ನಾಗಿ ಅತ್ತ.

ಮನೆಯಲ್ಲಿ ನಾನು ಇದನ್ನು ಹೇಳಲಿಲ್ಲ. ಹೇಗೆ ಹೇಳುವುದು?

ಚಿತ್ರ ಬಿಡುಗಡೆಯಾಯಿತು. ಅಪ್ಪ ಇಷ್ಟು ವರ್ಷದಲ್ಲಿ ನನ್ನ ಒಂದು ನಾಟಕಕ್ಕೂ ಬಂದವರಲ್ಲ. "ಕೈಕಾಲು ನೆಟ್ಟಗಿರೋ ಮಗ ಹಿಂಗಾದನಲ್ಲ" ಅಂತ ದ್ರಾಕ್ಷಿ ಬಳ್ಳಿಗೆ ಹೇಳಿಕೊಳ್ಳುತ್ತಿದ್ದವರು. ಹದಿನೆಂಟು ನಿಮಿಷ ಅನ್ನುವುದನ್ನು ಯಾರ ಬಾಯಲ್ಲಿ ಕೇಳಿದರೋ, ಇಸ್ತ್ರಿ ಮಾಡಿದ ಅಂಗಿ ಹಾಕಿ, "ನಡಿ, ನೋಡ್ಕೊಂಡು ಬರಾಣ" ಅಂತ ಅವರೇ ಹೊರಟರು. ಮಧ್ಯಾಹ್ನದ ಆಟ. ನನ್ನ ಮುಖ ಬಂದದ್ದು ಎರಡು ಸೆಕೆಂಡ್, ಅದೂ ಯಾರದೋ ಮೊಣಕೈ ಹಿಂದೆ. ಉಳಿದದ್ದೆಲ್ಲ ಬಾಳೆದಿಂಡಿನದೇ. ಅಪ್ಪ ಮುಂದಿನ ಸೀಟು ಹಿಡಿದುಕೊಂಡು, ಕಣ್ಣು ಮಿಟುಕಿಸದೆ ಅದನ್ನು ನೋಡಿದರು. ಹೀರೋ ಅದರ ಮೇಲೆ ಬಿದ್ದು ಗೋಳಾಡುವಾಗ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

ಆಚೆ ಬಂದು ಅಪ್ಪ ನನ್ನ ಕೈ ಹಿಡಿದುಕೊಂಡರು. ಚಿಕ್ಕವನಿದ್ದಾಗ ರಸ್ತೆ ದಾಟಿಸಲು ಹಿಡಿದ ಮೇಲೆ ಅದೇ ಮೊದಲು. "ಅಷ್ಟು ಹೊತ್ತು ಒಂದು ಉಸಿರು ಕಾಣಲಿಲ್ಲ ಮಗಾ. ಒಂದು ಕಡೆನೂ ತಪ್ಪಲಿಲ್ಲ. ನಾನು ನಿನ್ನನ್ನ ಸುಮ್ಮನೆ ಬೈದೆ."

ಬಾಳೆದಿಂಡಿನ ವಿಷಯ ಬಾಯಿವರೆಗೆ ಬಂದಿತ್ತು. ನುಂಗಿಕೊಂಡೆ.

ಕೊಂಬೈಗೆ ಬಸ್ ಹತ್ತಿದೆವು. ಅಪ್ಪನಿಗೆ ತಡೆಯಲಾಗಲಿಲ್ಲ, ಕಂಡಕ್ಟರನ್ನು ಕರೆದು ಹೇಳಿದರು: "ಆ ಸಿನಿಮಾದಲ್ಲಿ ಹೆಣ ಆಗಿರೋನು ಇವನೇ, ನನ್ನ ಮಗ."

ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಾನೂ ನೋಡಿದೆ ಪೆರಿಯವರೇ. ಅದರಲ್ಲಿ ಮುಖವೇ ತೋರಿಸಲ್ವಲ್ಲ. ಬಟ್ಟೆ ಕೆಳಗಿದ್ದದ್ದು ಇವರೇ ಅಂತ ಹೆಂಗೆ ನಂಬೋದು?"

ಅಪ್ಪ ಸೀಟಿನಿಂದ ಎದ್ದು ನಿಂತುಬಿಟ್ಟರು.

"ಮುಖ ಯಾಕೆ ಬೇಕಪ್ಪಾ? ಆ ಮಲಗಿದ್ದ ಗತ್ತು ನೋಡಲಿಲ್ವಾ? ನೋಡಿದ ತಕ್ಷಣ ನನಗೆ ಗೊತ್ತಾಯಿತು, ನನ್ನ ರಕ್ತ ಅಂತ!"