ಬಾಣಂತಿ ಕೋಣೆ ಹಿಡಿದು ಕುಳಿತಿದ್ದ ಆರ್ಕಿಡ್ ಸಸಿಗಳಿಗೆ

ಶಹಾಪುರ, ಬೆಳಗಾವಿ
ಡಿಸೆಂಬರ್ 1984

ಮಾನ್ಯರೇ,

ಶರಣು ಶರಣಾರ್ಥಿ. ನಾನು ಶಿವಲಿಂಗವ್ವ, ಮ್ಯಾಟ್ರಿಕ್ ಪಾಸು, ನಮ್ಮ ಓಣಿಯ ಅಕ್ಕನ ಬಳಗದ ಅಧ್ಯಕ್ಷೆ. ಅತ್ತೆಯವರು ಕೀಲಿಕೈ ಗೊಂಚಲನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದ ದಿನದಿಂದ ನನ್ನನ್ನು ಕೇಳದೆ ಈ ಮನೆಯಲ್ಲಿ ಹಿಟ್ಟಿನ ಡಬ್ಬಿಯೂ ಜಾಗ ಬದಲಿಸಿದ್ದಿಲ್ಲ. ತಾವು ಕೇಳದೆಯೇ ಒಂದು ಕೋಣೆ ಹಿಡಿದಿರಿ. ಆ ಸಾಮರ್ಥ್ಯಕ್ಕೆ ಮೊದಲು ಅಭಿನಂದನೆ.

ನಮ್ಮ ಯಜಮಾನರು ನಿವೃತ್ತರಾದ ಮೇಲೆ ತಮ್ಮನ್ನು ದೂರದ ನರ್ಸರಿಯಿಂದ ಒದ್ದೆ ಪಾಚಿಯಲ್ಲಿ ಸುತ್ತಿಸಿ ತರಿಸಿಕೊಂಡರು. ಆಗ ತಾವು ಉಗುರಿನಷ್ಟಿದ್ದಿರಿ. ಬಿಸಿ ನಾಡಿನವರು, ಬೆಳಗಾವಿಯ ಚಳಿ ತಡೆಯಲಾರರು ಎಂದು, ಬಚ್ಚಲ ಹಂಡೆಯ ಗೋಡೆಗೆ ಹೊಂದಿಕೊಂಡ, ಮೂಡಣ ಕಿಟಕಿಯ ಬೆಚ್ಚಗಿನ ಕೋಣೆಯನ್ನೇ ತಮಗೆ ಬಿಟ್ಟುಕೊಟ್ಟರು. ತಮ್ಮ ನೇಮನಿಷ್ಠೆ ದೊಡ್ಡದು. ಮಣ್ಣು ಮುಟ್ಟುವುದಿಲ್ಲ, ಇದ್ದಿಲು ಮತ್ತು ಹಂಚಿನ ಚೂರು ತುಂಬಿದ ಬುಟ್ಟಿಯೇ ಆಗಬೇಕು. ಆ ಇದ್ದಿಲು ನಾನು ಬಾಣಂತಿಗೆ ಬೆಂಕಿ ಕಾಯಿಸುವ ಶೇಗಡಿಗೆಂದು ಕೂಡಿಟ್ಟ ಚೀಲದ್ದು. ನಳದ ನೀರು ಒಲ್ಲಿರಿ, ಹಿಡಿದಿಟ್ಟ ಮಳೆನೀರೇ ಬೇಕು, ಅದೂ ಉಗುರುಬೆಚ್ಚಗೆ. ಗಾಳಿ ಒಣಗಬಾರದೆಂದು ಯಜಮಾನರು ತಮ್ಮ ಸುತ್ತ ಒದ್ದೆ ಧೋತರ ತೂಗುಹಾಕಿ, ನೆಗಡಿ ಹಿಡಿಸಿಕೊಂಡು ಸೀನುತ್ತ ತಿರುಗಾಡಿದರು. ಇಷ್ಟಾಗಿ, ಹೂ ಬಿಡಲು ಇನ್ನೂ ನಾಲ್ಕೈದು ವರ್ಷ ಬೇಕಂತೆ. ಅವಸರವಿಲ್ಲದ ತಮ್ಮ ಸ್ವಭಾವವೂ ಮೆಚ್ಚತಕ್ಕದ್ದೇ.

ಆದರೆ ಅದು ಬಾಣಂತಿ ಕೋಣೆ. ನನ್ನ ನಾದಿನಿಯರೆಲ್ಲ ಹೆತ್ತು ಎದ್ದದ್ದು ಅಲ್ಲಿಯೇ. ಖಾನಾಪುರಕ್ಕೆ ಕೊಟ್ಟ ಮಗಳು ರೇಣವ್ವ ಚೊಚ್ಚಲಕ್ಕೆ ಬಂದಿದ್ದಾಳೆ, ದಿನ ತುಂಬುತ್ತ ಬಂದಿವೆ. ಕೋಣೆ ತೆರವು ಮಾಡಿರೆಂದು ಕೇಳಿದರೆ ಯಜಮಾನರು, "ರೇಣವ್ವಗ ಥಂಡಿ ಹತ್ತಿದ್ರ ಕೌದಿ ಹೊಚ್ಚಿಗೋತಾಳ. ಇವು ಹೊಚ್ಚಿಗೋತಾವೇನ?" ಎಂದರು. ಅಪ್ಪನ ಮುದ್ದಿನ ಮಗಳು, "ಇರ್ಲಿ ಬಿಡವ್ವಾ, ನಾ ಪಡಸಾಲ್ಯಾಗ ಮಕ್ಕೋತೇನಿ" ಎಂದಳು.

ತಮ್ಮೊಡನೆಯೇ ನೇರ ಮಾತಾಡೋಣವೆಂದು ಬಾಗಿಲಲ್ಲಿ ನಿಂತು ವಿನಂತಿಸಿದೆ: ಬಾಣಂತಿಯ ಸೌಕರ್ಯ ಪಡೆದವರು ಬಾಣಂತಿಯಂತೆಯೇ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಅಂಟಿನ ಉಂಡೆ ತಿನ್ನಬೇಕು, ಇಲ್ಲವೇ ಕೋಣೆ ಬಿಡಬೇಕು. ತಾವು ಒಂದೆಲೆಯನ್ನೂ ಅಲುಗಿಸಲಿಲ್ಲ.

ಅಷ್ಟರಲ್ಲಿ ಸೊಸೆಯನ್ನು ನೋಡಲು ಬಂದ ನಮ್ಮ ಬೀಗತಿ ಬಾಳವ್ವನವರು ತಮ್ಮ ದರ್ಶನವನ್ನೂ ಪಡೆದರು. "ಏನ್ರೀ ಬೀಗತ್ಯಾರ, ಬಸುರಿಗೆ ಮಾಡಿಧಾಂಗ ಗಿಡಕ್ಕ ಕುಬಸಾ ಮಾಡೀರೇನು? ನಮ್ಮ ಖಾನಾಪುರದಾಗ ಇಂಥಾವು ಹಲಸಿನ ಗಿಡದ ಮ್ಯಾಲ ತಾವ ಹುಟ್ಟಿ ತಾವ ಬೆಳೀತಾವ, ದನಾನೂ ಮೂಸೂದಿಲ್ಲ. ಜಾಗಾ ಇಲ್ಲಂದ್ರ ಹೇಳ್ರಿ, ಸೊಸೀನ ನಾವ ಕರ್ಕೊಂಡು ಹೋಗ್ತೀವಿ" ಎಂದು ನಕ್ಕರು. ನಾನೂ ನಕ್ಕೆ. ಚೊಚ್ಚಲ ಬಾಣಂತನ ತವರು ತಪ್ಪಿ ಅತ್ತೆಮನೆಗೆ ಹೋದರೆ ತಾಯಿಯಾದವಳು ಓಣಿಯಲ್ಲಿ ತಲೆ ಎತ್ತುವಂತಿಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಿನ್ನೆ ಬೆಳಿಗ್ಗೆ ಅವರು ಬಸ್ಸಿಗೆ ಹೊರಟಾಗ ಪದ್ಧತಿಯಂತೆ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಖಣ, ಖಣದ ಮೇಲೆ ತಮ್ಮ ಬುಟ್ಟಿ. ಉಡಿಗೆ ಹಾಕಿದ್ದನ್ನು ಯಾವ ಮುತ್ತೈದೆಯೂ ಒಲ್ಲೆ ಎನ್ನುವಂತಿಲ್ಲ, ಕೊಟ್ಟ ಮನೆಯ ಯಜಮಾನರೂ ಮರಳಿ ಕೇಳುವಂತಿಲ್ಲ. ಬಾಳವ್ವನವರು ಸೆರಗಿನಲ್ಲಿ ತಮ್ಮನ್ನು ಹಿಡಿದುಕೊಂಡೇ ಬಸ್ಸು ಹತ್ತಿದರು. ಇನ್ನು ಖಾನಾಪುರದ ಹಲಸಿನ ಮರವನ್ನು ತಾವೇ ಹತ್ತಿ, ತಾವೇ ಬೆಳೆದು, ಬೀಗತಿಯವರ ಮಾತನ್ನು ದಯವಿಟ್ಟು ಉಳಿಸಿಕೊಡಿ. ಇಲ್ಲಿ ಕೋಣೆ ಸಾರಿಸಿ, ಹೊರಸು ಹಾಕಿ, ಶೇಗಡಿ ಹೊತ್ತಿಸಿದ್ದೇನೆ. ಮಗಳು ಮಲಗಿದ್ದಾಳೆ.

ತಾವು ಹೊರಟುಹೋದ ಗಳಿಗೆಯಿಂದ
ತಮ್ಮ ವಿಶ್ವಾಸಿ,
ಶಿವಲಿಂಗವ್ವ

ತಾ.ಕ.: ಯಜಮಾನರು ತಮ್ಮ ಯೋಗಕ್ಷೇಮ ನೋಡಲು ಇನ್ನು ಪ್ರತಿ ಆದಿತ್ಯವಾರ ಖಾನಾಪುರಕ್ಕೆ ಬರುತ್ತಾರಂತೆ. ಮಗಳನ್ನು ಆ ಊರಿಗೆ ಕೊಟ್ಟ ಮೇಲೆ ಅವರು ಅಲ್ಲಿಗೆ ಹೋದದ್ದು ಒಂದೇ ಸಲ, ಅದೂ ನಾನು ಹೊರಡಿಸಿದ್ದಕ್ಕೆ.